ಮೊದಲು ಮೊಣಕೈ, ಆಮೇಲೆ ಮುಖ

ಬೀದಿದೀಪಗಳು ಇನ್ನೂ ಆರಿಲ್ಲ. ಬ್ಯೂಟಿ ಪಾರ್ಲರಿನ ಹಿಂಬದಿಯ ಇಕ್ಕಟ್ಟು ಕೋಣೆಯಲ್ಲಿ ಅಕ್ಕ ಓಟ್ಸ್ ಪುಡಿಗೆ ಮೊಸರು ಬೆರೆಸಿ, ಬೆರಳ ನಡುವೆ ಉಜ್ಜಿ ನೋಡುತ್ತಾಳೆ. ತರಿ ಸಿಕ್ಕಿದರೆ ಎಲ್ಲ ಮೊದಲಿನಿಂದ. ನಿನ್ನೆ ಉಳಿದ ಲೇಪ ಆಗಲೇ ಕಸದ ಬುಟ್ಟಿ ಸೇರಿದೆ. ಫ್ರಿಜ್ಜಿನಲ್ಲಿ ಇಡಬಹುದಿತ್ತಲ್ಲ ಎಂದರೆ, "ಹಳಸಿದ್ದನ್ನ ಬಾಯಿಗೇ ಹಾಕಲ್ಲ, ಮುಖ ಏನು ಪಾಪ ಮಾಡಿದೆ?" ಎನ್ನುತ್ತಾಳೆ.

ಬೆಳಗಿನ ಪಾಳಿಗೆ ಹೊರಟ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಏನನ್ನೂ ಹಚ್ಚದ ಬರೀ ಮುಖದಲ್ಲಿ ಬರಬೇಕೆಂಬುದು ಅಕ್ಕನ ಕಟ್ಟಪ್ಪಣೆ. ತೆಳು ಕಾಗದವನ್ನು ಹಣೆಗೂ ಕೆನ್ನೆಗೂ ಒತ್ತಿ ಬೆಳಕಿಗೆ ಹಿಡಿಯುತ್ತಾಳೆ. ಜಿಡ್ಡು ಮೂಡಿದರೆ ಜೇಡಿಮಣ್ಣು. ಅದನ್ನೂ ಬಿರುಕು ಬಿಡುವ ಮೊದಲೇ ತೊಳೆದುಬಿಡುತ್ತಾಳೆ. ಒಣ ಚರ್ಮಕ್ಕೆ ಓಟ್ಸ್ ಜೊತೆ ಮೊಸರಿನ ಕೆನೆ. ಮುಟ್ಟಿದರೆ ಕೆಂಪಾಗುವವರಿಗೆ ನೀರಲ್ಲಿ ನೆನೆಸಿದ ಓಟ್ಸ್, ಅಷ್ಟೇ. ಮೊದಲ ಸಲ ಬಂದವರಿಗಂತೂ ಮೊಣಕೈ ಒಳಮಡಿಕೆಗೆ ಒಂದು ಚುಕ್ಕೆ ಹಚ್ಚಿ ತೊಳೆದು, "ನಾಳೆ ಬಾ" ಎಂದು ಕಳಿಸುತ್ತಾಳೆ. ಹೀಗಾಗಿ ಬೀದಿಗೆಲ್ಲ ಅವಳು 'ನಾಳೆ ಬಾ ಅಕ್ಕ'.

ನಿಂಬೆಹಣ್ಣಿಗೆ ಮಾತ್ರ ಈ ಕೋಣೆಗೆ ಪ್ರವೇಶವಿಲ್ಲ. ಹರೆಯದಲ್ಲಿ ಯಾರದೋ ಮಾತು ಕೇಳಿ ಮೊಡವೆಗೆ ನಿಂಬೆರಸ, ಸೋಡಾಪುಡಿ ಮೆತ್ತಿಕೊಂಡವಳು ಅಕ್ಕ. ಎಡಗೆನ್ನೆಯ ಕಪ್ಪು ಕಲೆ ಇವತ್ತಿಗೂ ಹೋಗಿಲ್ಲ. "ಎಷ್ಟೋ ದಿನ ಕನ್ನಡೀನ ಗೋಡೆ ಕಡೆ ತಿರುಗಿಸಿಟ್ಟಿದ್ದೆ" ಎಂದು ನಗುತ್ತಾಳೆ. ಆ ನಗು ಕೇಳಲು ಕಷ್ಟ.

ಪಾರ್ಲರಿನ ಒಡತಿ ಅವಳ ನಾದಿನಿ. ನಾಳೆ ಬಾ ಎನಿಸಿಕೊಂಡವರು ಎದುರಿನ ಪಾರ್ಲರಿಗೆ ನಡೆದುಬಿಡುತ್ತಾರೆಂದು ಈ ನಾದಿನಿಗೆ ಹೊಟ್ಟೆಯುರಿ. ನಿನ್ನೆ ಮದುಮಗಳೊಬ್ಬಳು ಚಿಕ್ಕಮ್ಮನ ಜೊತೆ ಬಂದಿದ್ದಳು. ಇಂದು ಸಂಜೆ ಮದುವೆ. ಅಕ್ಕ ಎಂದಿನಂತೆ ಅವಳ ತೋಳು ಹಿಡಿದಾಗ ಚಿಕ್ಕಮ್ಮ ಸಿಡಿದರು: "ಮದುವೆ ಮೊಣಕೈಗಲ್ಲಮ್ಮ, ಹುಡುಗಿಗೆ!" ಚುಕ್ಕೆ ಹಚ್ಚಿಸಿಕೊಂಡು ಇಬ್ಬರೂ ಮುಖ ಊದಿಸಿಕೊಂಡು ಹೋದರು. ನಾದಿನಿ ಬಾಗಿಲಲ್ಲೇ ನಿಂತು ಹೇಳಿದಳು: "ಅತ್ತಿಗೆ, ಬಾಗಿಲಿಗೆ ಬಂದ ಭಾಗ್ಯಾನ ಒದೀತೀರಲ್ಲ! ಆ ಹುಡುಗಿ ಬರ್ಲಿಲ್ಲ ಅಂದ್ರೆ ನೀವೂ ಇನ್ಮೇಲೆ ಬರಬೇಡಿ."

ಹಾಗಾಗಿ ಇವತ್ತು ಅಕ್ಕನ ಕಣ್ಣು ಬಟ್ಟಲಿಗಿಂತ ಬಾಗಿಲ ಮೇಲೇ ಹೆಚ್ಚು.

ಹುಡುಗಿ ಬರುತ್ತಾಳೆ. ತೋಳು ಚಾಚಿ ತೋರಿಸುತ್ತಾಳೆ. ಚುಕ್ಕೆಯಿದ್ದ ಜಾಗ ಕೆಂಪಗೆ ಊದಿ, ಸುತ್ತ ಗುಳ್ಳೆಯೆದ್ದಿದೆ. ನಿನ್ನೆ ಗುಡುಗಿದ್ದ ಚಿಕ್ಕಮ್ಮ ಅವಳ ಕೈಚೀಲ ಹಿಡಿದು ಹಿಂದೆ ನಿಂತಿದ್ದಾರೆ. ಹುಡುಗಿಯ ಮುಖ ಮಾತ್ರ ತೊಳೆದಿಟ್ಟ ತಟ್ಟೆಯಂತೆ ನಿರ್ಮಲವಾಗಿದೆ. ಲೇಪ ನಿನ್ನೆ ನೇರ ಅಲ್ಲಿಗೇ ಬಿದ್ದಿದ್ದರೆ?

ಅಕ್ಕ ಲೇಪದ ಬಟ್ಟಲನ್ನು ಕೈಗೆತ್ತಿಕೊಳ್ಳುತ್ತಾಳೆ. "ನಾನು ಕಣ್ಮುಚ್ಚಿ ನಂಬಿದ್ದ ಲೇಪ ಇದು. ನನ್ನ ನಂಬಿಕೆ ಅವಳ ಚರ್ಮಕ್ಕೆ ಹೇಗೆ ಗೊತ್ತಾಗ್ಬೇಕು?" ಬಟ್ಟಲನ್ನು ಬುಟ್ಟಿಗೆ ಸುರಿಯುತ್ತಾಳೆ. "ಮುಖಕ್ಕೆ ಇವತ್ತು ತಣ್ಣೀರು ಸಾಕು, ಮಗಳೇ. ಕೈಯನ್ನ ಡಾಕ್ಟರಿಗೆ ತೋರಿಸ್ಕೊಂಡು ಹೋಗು."

ಅವರು ಹೋದ ಮೇಲೆ, ಅಕ್ಕ ಹೊಸ ಲೇಪ ಕಲಸುವಾಗ, ನಾದಿನಿ ಸ್ಟೂಲೆಳೆದು ಕೂತು ತನ್ನ ತೋಳು ಚಾಚುತ್ತಾಳೆ. "ನಂಗೂ ಒಂದು ಚುಕ್ಕೆ ಹಚ್ಚಿ ಅತ್ತಿಗೆ. ನಾಳೆ ಬಂದು ನೋಡ್ಬೇಕು, ಮರೀಬೇಡಿ."

ನಿಮಗೆ ಆಸೆ ಅಂತ ಏನಾದರೂ ಇದೆಯೇ ಎಂದು ನಾದಿನಿ ಕೇಳಿದರೆ ಅಕ್ಕ ಚುಕ್ಕೆಯಿಂದ ತಲೆಯೆತ್ತುವುದಿಲ್ಲ. "ಏನಿದೆ? ನನ್ನ ಕೈಗೆ ಮುಖ ಕೊಟ್ಟವರು ಯಾರೂ ಕನ್ನಡಿ ತಿರುಗಿಸಿಡಬಾರದು."