ಮುದುಕಪ್ಪ ಸಾರದ ಫರ್ಮಾನು

ಗಂಗಾವತಿ ಕಡೆಯ ಕಾಲುವೆ ದಂಡೆಯ ಊರೊಂದರಲ್ಲಿ ಹಲಗೆ ಬಾರಿಸಿ ಸರಕಾರದ ಆದೇಶ ಸಾರುತ್ತಿದ್ದವನು ವಾಲೀಕಾರ ಮುದುಕಪ್ಪ. ನಿಜಾಮನ ಕಾಲ ಯಾವಾಗಲೋ ಮುಗಿದಿತ್ತು, ಕೊಪ್ಪಳ ಹೊಸ ಜಿಲ್ಲೆಯೂ ಆಗಿತ್ತು. ಆದರೂ ಅಪ್ಪನಿಂದ ಬಂದ ರೂಢಿಯಂತೆ ಮನೆಮನೆಯ ಮುಂದೆ ನಿಂತು, "ಫರ್ಮಾನ ಬಂದೈತ್ರೀ" ಎಂದೇ ಶುರು ಮಾಡುತ್ತಿದ್ದ. ಪೋಲಿಯೊ ಹನಿಗೂ ಅದೇ ಫರ್ಮಾನು. ಜನ ನಗುತ್ತಿದ್ದರು, ಪುಣ್ಯಾತ್ಮ ಬಿಡಲಿಲ್ಲ.

ಉರ್ದು ಶಾಲೆಯ ತಾಹೇರ ಮಾಸ್ತರರು ಒಮ್ಮೆ ಅರ್ಥ ಬಿಡಿಸಿ ಹೇಳಿದ್ದರು. "ಅದು ಫಾರಸಿ ಮಾತಪಾ. ಫರ್ಮೂದನ್ ಅಂದ್ರ ಅಪ್ಪಣಿ ಕೊಡೂದು. ಫರ್ಮಾಯಿಷಿ ಅಂತೀವಲ್ಲ, ಅದೂ ಅದರಿಂದನ ಬಂದದ್ದು. ಬಾದಶಹಾ ಹೇಳಿದ್ದು ಫರ್ಮಾನ. ನಮ್ಮೂರಾಗ ಮಾತ್ರ ನೀ ಸಾರಿದ ಮ್ಯಾಲೇ ಅದಕ್ಕ ಜೀವ." ಕಡೆಯ ಮಾತು ಮಾಸ್ತರರ ಚೇಷ್ಟೆ. ಮುದುಕಪ್ಪ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಆ ಬೇಸಿಗೆಯಲ್ಲಿ ಒಂದು ಆದೇಶ ಬಂತು. ದಂಡೆಯ ಗುಡಿಸಲುಗಳನ್ನು ಸೋಮವಾರದೊಳಗೆ ಖಾಲಿ ಮಾಡಬೇಕು. ತೂಬಿನಾಚೆ, ಊರ ಸುದ್ದಿ ಮುಟ್ಟದ ಕಡೆ ಒಂಟಿಯಾಗಿದ್ದದ್ದು ಅವನ ತಂಗಿ, ಗಂಡ ಸತ್ತ ಯಮನೂರಮ್ಮನ ಗುಡಿಸಲು. ಉಳಿದವರಿಗೆಲ್ಲ ಸಾರಿದ. ಅವಳ ಬಾಗಿಲಿಗೆ ಹೋದವನು ಹಲಗೆ ಬಾರಿಸಲಿಲ್ಲ. ಸಾರದಿದ್ದರೆ ಫರ್ಮಾನು ಅವಳನ್ನು ಮುಟ್ಟುವುದಿಲ್ಲವೆಂದು ಸುಮ್ಮನೆ ತಿರುಗಿ ಬಂದ. ಎಂಥ ಹುಚ್ಚು ನಂಬಿಕೆ! ಅವನಿಗೂ ಅದು ಪೂರ್ತಿ ಇರಲಿಲ್ಲ. ಲಾರಿಯ ಸದ್ದಾದರೂ ದಂಡೆಯ ಕಡೆ ಓಡಿ ನೋಡಿ ಬರುತ್ತಿದ್ದ.

ಸೋಮವಾರ ಜೇಸಿಬಿ ಬಂತು. ಮಿಕ್ಕವರು ಖಾಲಿ ಮಾಡಿದ್ದರು, ಯಮನೂರಮ್ಮ ಮಾತ್ರ ರೊಟ್ಟಿ ಬಡಿಯುತ್ತಿದ್ದಳು. ಜೊತೆಗೆ ಬಂದಿದ್ದ ತಾಲ್ಲೂಕಿನ ಸಾಹೇಬರು ಸಿಡಿಮಿಡಿಗೊಂಡರು. "ಸಾಮಾನು ಯಾಕ ತಗದಿಲ್ಲ? ಈ ವಾಲೀಕಾರ ಸಾರಿಲ್ಲೇನು?"

ಮುದುಕಪ್ಪನಿಗೆ ಕೆಲಸ ಹೋಗುವ ಹೆದರಿಕೆ ಒಂದು ಕಡೆ. ತಂಗಿಯ ಮುಖ ನೋಡುವ ಹೆದರಿಕೆ ಅದಕ್ಕಿಂತ ದೊಡ್ಡದು. ಯಮನೂರಮ್ಮ ಅಣ್ಣ ಹಲಗೆಯನ್ನು ಬೆನ್ನ ಹಿಂದೆ ಸರಿಸಿದ್ದನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ಸಾರ್ಯಾನ್ರೀ ಸಾಹೇಬ್ರ," ಎಂದಳು. "ನಾನ ಕಿವಿಮ್ಯಾಗ ಹಾಕ್ಕೊಳ್ಳಿಲ್ಲ."

"ಹಂಗಾರ ನಡೀಲಿ," ಎಂದರು ಸಾಹೇಬರು. ಜೇಸಿಬಿ ಮುಂದೆ ಸರಿಯಿತು.

ಯಮನೂರಮ್ಮ ಒಲೆಗೆ ನೀರು ಹಾಕಿದಳು. "ಅಣ್ಣಾ, ನಿಂತಿ ಯಾಕ? ಬಾ, ನೀರಿನ ಗಡಗಿ ಹೊರಗ ಇಡಾಕ ಒಂದು ಕೈ ಹಚ್ಚು."