ಮೇಸ್ತ್ರಿಯ ಬಿಳಿ ಬಟ್ಟೆ

ಮೇಸ್ತ್ರಿಯ ಮೂಗಿನ ತುದಿಯಲ್ಲಿ ಯಾವಾಗಲೂ ಒಂದು ಮಸಿಯ ಬೊಟ್ಟು ಇರುತ್ತಿತ್ತು. ಮುಖ ತೊಳೆದುಕೊಂಡು ಬಂದರೂ ಅರ್ಧ ಗಂಟೆಯಲ್ಲಿ ಮತ್ತೆ ಅಲ್ಲೇ ಬಂದು ಕೂತಿರುತ್ತಿತ್ತು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ ತಗಡಿನ ಚಪ್ಪರದ ಗ್ಯಾರೇಜು ಅವರದು. ಹಳೆಯ ಕಾರು ಇಟ್ಟುಕೊಂಡು ಒದ್ದಾಡುವ ನನ್ನಂಥವರು ಯಳಂದೂರಿನಿಂದಲೂ ಬರುತ್ತಿದ್ದರು. ಹೊಗೆ ನೋಡಿ ಕಾಯಿಲೆ ಹೇಳುವುದರಲ್ಲಿ ಅವರ ಮಾತೇ ಕೊನೆ. ಆ ಮಾತಿನ ಮೇಲೇ ಅವರ ಅನ್ನ ನಡೆಯುತ್ತಿತ್ತು.

ಮನೆತನ ರೇಷ್ಮೆ ನೇಯುವವರದು. ಅಣ್ಣನ ಮಗ್ಗದ ಮನೆಯಿಂದ ಬಣ್ಣ ಹಾಕದ ಬಿಳಿ ರೇಷ್ಮೆಯ ಚೂರುಗಳನ್ನು ತಂದು ಜೇಬಿಗೆ ತುರುಕಿಕೊಂಡಿರುತ್ತಿದ್ದರು. ಎಂಜಿನ್ ಚಾಲು ಮಾಡಿಸಿ, ಸೈಲೆನ್ಸರಿನ ಬಾಯಿಗೆ ಒಂದು ಚೂರು ಹಿಡಿದು, ಬೆಳಕಿಗೆ ಒಡ್ಡಿ ನೋಡಿ, ಮೂಗಿಗೆ ಒತ್ತಿಕೊಳ್ಳುವರು. ಒಣ ಮಸಿ ಕೂತರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ನೀಲಿ ಹೊಗೆ, ಜಿಡ್ಡಿನ ಕಲೆಯಾದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಮಾತ್ರ ಕಣ್ಣಿಗೆ ಮೋಸ ಮಾಡುತ್ತದೆ ಎನ್ನುತ್ತಿದ್ದರು. “ಚಳಿಗೂ ಬತ್ತದೆ, ಎಂಜಿನ್ ತಣ್ಗಿಡೋ ಕೂಲೆಂಟ್ ನೀರು ಒಳಕ್ಕೆ ಸೋರುದ್ರೂ ಬತ್ತದೆ. ಸಿಹಿ ವಾಸ್ನೆ ಇದ್ರೆ ಗಾಡಿ ಎತ್ಲೇಬಾರ್ದು ಸಾ. ಎಂಜಿನ್ನೇ ಓಯ್ತದೆ.”

ಈಚಿನ ವರ್ಷಗಳಲ್ಲಿ ಬಟ್ಟೆಯನ್ನು ಗಿರಾಕಿಯ ಮುಂದೆಯೂ ಹಿಡಿಯತೊಡಗಿದ್ದರು. “ನೀವೇ ಮೂಸಿ ಯೋಳಿ ಸಾ, ಎಂಗದೆ?” ವಿದ್ಯೆ ಕಲಿಸುತ್ತಿದ್ದಾರೆ ಎಂದುಕೊಂಡೆವು. “ಸ್ಕೂಲ್ ಮೇಷ್ಟ್ರಿಗೇ ಪಾಠ ಮಾಡ್ತೀರಲ್ಲ” ಎಂದು ನಾನೂ ರೇಗಿಸಿದ್ದೆ.

ಹೂಗ್ಯಂ ಶಾಲೆಗೆ ನಾನು ದಿನವೂ ಹೋಗಿಬರುತ್ತಿದ್ದದ್ದು ಅಪ್ಪ ಬಿಟ್ಟುಹೋದ ಕಾರಿನಲ್ಲಿ. ಒಂದು ಚಳಿಯ ಬೆಳಿಗ್ಗೆ ಹಿಂದಿನಿಂದ ಬಿಳಿ ಹೊಗೆ ಏಳುವುದನ್ನು ಕಂಡು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಶಾಲೆಗೆ ಹೊತ್ತಾಗಿತ್ತು. ಮೇಸ್ತ್ರಿ ಬಟ್ಟೆ ಹಿಡಿದು, ಮೂಗಿಗೆ ಒತ್ತಿಕೊಂಡು, ನನ್ನತ್ತ ಚಾಚಿದರು. ನಾನು ಗಡಿಯಾರ ನೋಡುತ್ತಲೇ ಅದನ್ನು ಮುಖದ ಹತ್ತಿರ ತಂದು, “ಏನೂ ಇಲ್ಲ” ಅಂದೆ.

“ಸರ್ಯಾಗ್ ನೋಡುದ್ರಾ ಸಾ?”

“ನೋಡ್ದೆ ಕಣ್ರಿ.”

“ಅಂಗಾರೆ ಚಳಿದೇ. ಓಗ್ಬನ್ನಿ.”

ಹನೂರು ದಾಟಿ ಕಾಡಂಚಿಗೆ ಬರುವಷ್ಟರಲ್ಲಿ ಎಂಜಿನ್ ಕಾದು, ಕಟಕಟ ಎಂದು ನಿಂತೇಬಿಟ್ಟಿತು. ಫೋನ್ ಮಾಡಿದೆ. ಮಧ್ಯಾಹ್ನ ಬಸ್ಸಿನಲ್ಲಿ ಚೀಲ ಹೊತ್ತು ಬಂದ ಮೇಸ್ತ್ರಿ ಬಾನೆಟ್ ಎತ್ತಿ ಆಯಿಲ್ ಕಡ್ಡಿ ಹೊರಗೆಳೆದರು. ಆಯಿಲ್‌ಗೆ ನೀರು ಬೆರೆತು ಮಜ್ಜಿಗೆಯ ಹಾಗಾಗಿತ್ತು.

“ಕೂಲೆಂಟೇ ಸೋರಿರದು. ಎಂಜಿನ್ ಓಯ್ತು ಸಾ. ನಂದೇ ತಪ್ಪು” ಅಂದರು.

ನಾನು ಅಲ್ಲವೆನ್ನಲಿಲ್ಲ. ಅಪ್ಪನ ಕಾರು ಗುಜರಿಗೆ ಹೋಯಿತು. ಆ ಸಂಕಟಕ್ಕೆ ಟೀ ಅಂಗಡಿಯಲ್ಲಿ ಹತ್ತು ಜನರ ಮುಂದೆ, “ಮೇಸ್ತ್ರಿಗೀಗ ಹೊಗೆ ತಿಳ್ಯಲ್ಲ ಕಣ್ರಿ, ಗಾಡಿ ಬುಟ್ಟು ಕೆಡಬ್ಯಾಡಿ” ಎಂದುಬಿಟ್ಟೆ. ಮೇಷ್ಟ್ರ ಮಾತನ್ನು ಜನ ಬೇಗ ನಂಬುತ್ತಾರೆ. ವರ್ಷ ತುಂಬುವುದರೊಳಗೆ ಆ ಚಪ್ಪರದ ಕೆಳಗೆ ಒಂದು ಗಾಡಿಯೂ ಉಳಿಯಲಿಲ್ಲ. ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದರು. ಸ್ಟೂಲಿನ ಮೇಲೆ ಕೂತು ರೇಷ್ಮೆಯ ಚೂರುಗಳನ್ನು ಬಿಡಿಸಿ ಮಡಿಸಿ ಇಡುತ್ತಿದ್ದರು. ಇಳಿದು ಮಾತಾಡಿಸಬೇಕು ಎನಿಸುತ್ತಿತ್ತು. ನಾಚಿಕೆ ಬಿಡುತ್ತಿರಲಿಲ್ಲ.

ಕಳೆದ ತಿಂಗಳು ಎದೆನೋವು ಬಂದು ಅವರು ತೀರಿಕೊಂಡರು. ನಾನು ಹೋಗುವ ಹೊತ್ತಿಗೆ ಮೈ ತೊಳೆದು ಮಲಗಿಸಿದ್ದರು. ಮೂಗಿನ ತುದಿಯ ಮಸಿ ಇಲ್ಲದ ಆ ಮುಖ ನನಗೆ ಬೇರೆ ಯಾರದೋ ಎನ್ನಿಸಿತು. ತಲೆಯ ಹತ್ತಿರ ಕೂತಿದ್ದ ಅವರ ಹೆಂಡತಿ ನನ್ನನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಸುಮಾರ್ ವರ್ಸದ್ ಹಿಂದೆ ಒಂದ್ಸಲ ದೊಡ್ ಜ್ವರ ಬಂದಿತ್ತು ಸಾ, ಅವತ್ತಿಂದ ಇವ್ರಿಗೆ ವಾಸ್ನೆನೇ ತಿಳೀತಿರ್ನಿಲ್ಲ. ಒಗ್ಗರಣೆ ಸೀದೋದ್ರೂ ಗೊತ್ತಾಯ್ತಿರ್ನಿಲ್ಲ. ಯಾರ್ಗೂ ಯೋಳ್ಬ್ಯಾಡ, ಗಾಡಿ ಬರಕಿಲ್ಲ ಅಂದಿದ್ರು. ಬಂದೋರ್ ಮೂಗ್ನೇ ನಂಬ್ಕಂಡು ಕೆಲ್ಸ ಮಾಡುದ್ರು.”

ಆಕೆ ಇನ್ನೂ ಹೇಳುತ್ತಿದ್ದರು.

“ನಿಮ್ ಕಾರ್ ವಿಚಾರ ನಾನೂ ಕೇಳ್ದೆ. ಮೇಷ್ಟ್ರು ಸುಳ್ ಯೋಳೋರಲ್ಲ, ಪಾಪ, ಅವತ್ತು ಅವ್ರಿಗೆ ನೆಗಡಿ ಇತ್ತೇನೋ ಅಂದ್ರು.”

ನನಗೆ ಅಂದು ನೆಗಡಿ ಇರಲಿಲ್ಲ. ಶಾಲೆಗೆ ಹೊತ್ತಾಗಿತ್ತು, ನಾನು ಮೂಸಿರಲೇ ಇಲ್ಲ. ಹಾಗೆಂದು ಆಕೆಗೆ ಹೇಳಲೂ ಇಲ್ಲ.