ಕಾವಲು ತೆಗೆಯಲೊಪ್ಪದ ದೊಡ್ಡಕ್ಕ

ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ‘ಬಿಲ್ಡ್’ ಕೆಲಸ ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲ. ಅದರಲ್ಲಿಯೇ ಆಯುಷ್ಯ ಸವೆಸಿ, ನಮ್ಮ ವೈದ್ಯಕೀಯ ಉಪಕರಣ ಸಂಸ್ಥೆಯಲ್ಲಿ ಆ ಕೆಲಸಕ್ಕೊಂದು ಘನತೆ ತಂದವರು ಇಂದು ನಿವೃತ್ತರಾಗುತ್ತಿರುವ ಹಿರಿಯ ಎಂಜಿನಿಯರ್, ನಮ್ಮೆಲ್ಲರ ಬಾಯಲ್ಲಿ ‘ದೊಡ್ಡಕ್ಕ’.

ನಾನು ಸೇರಿದಾಗ ಅವರ ಮೇಜು ಮೆಟ್ಟಿಲ ಕೆಳಗಿನ ಇಕ್ಕಟ್ಟಿನ ಕೋಣೆಯಲ್ಲಿ, ಗುಂಯ್‌ಗುಡುವ ಸರ್ವರುಗಳ ಪಕ್ಕದಲ್ಲಿತ್ತು. ಹೊಸಬಳಾದ ನನಗೆ ತಮ್ಮ ಕುರ್ಚಿಯನ್ನು ಬಿಟ್ಟುಕೊಟ್ಟು, ತಾವು ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತು, ಬಿಲ್ಡ್ ಮುರಿದರೆ ಪರದೆಯ ಕೊನೆಯ ದೂರನ್ನಲ್ಲ, ಮೊದಲನೆಯದನ್ನು ಓದಬೇಕೆಂದು ಕಲಿಸಿದರು.

ಕೆಲವು ವರ್ಷಗಳ ನಂತರ, ರೋಗಿಯ ರಕ್ತನಾಳಕ್ಕೆ ಔಷಧ ಹರಿಸುವ ಪಂಪಿನ ಹೊಸ ಪ್ರೋಗ್ರಾಮು ಆಸ್ಪತ್ರೆಗಳಿಗೆ ಹೊರಡಬೇಕಿದ್ದ ದಿನವೇ ಬಿಲ್ಡ್ ನಿಂತುಹೋಯಿತು. ಮೆಮೊರಿಯಲ್ಲಿ ಮೀಸಲಿಟ್ಟ ಜಾಗವನ್ನು ಮಾಹಿತಿ ಮೀರಿ ಹರಿದರೆ ಪ್ರೋಗ್ರಾಮನ್ನು ಅಲ್ಲೇ ತಡೆಯುವ ಕಾವಲು ‘ಲೈಬ್ರರಿ’, ಅಂದರೆ ಮೊದಲೇ ಸಿದ್ಧವಿರುವ ಪ್ರೋಗ್ರಾಮು ತುಣುಕು, ಸಿಗುತ್ತಿಲ್ಲವೆಂಬುದು ಬಿಲ್ಡ್ ಮಾಡಿಕೊಡುವ ಹೊಸ ಕಂಪೈಲರಿನ ತಕರಾರು.

“ಆ ಕಾವಲನ್ನೇ ತೆಗೆದುಬಿಡಿ, ಬಿಲ್ಡ್ ಆಗುತ್ತಲ್ಲ,” ಎಂದರು ಮ್ಯಾನೇಜರ್.

“ಆಗುತ್ತೆ ಸರ್. ಆದ್ರೆ ನಾನು ಸಹಿ ಹಾಕಲ್ಲ,” ಎಂದರು ದೊಡ್ಡಕ್ಕ.

“ಮೇಲಿನವರಿಗೆ ಏನು ಹೇಳ್ಲಿ?”

“ನಾನೇ ತಡ ಮಾಡ್ದೆ ಅಂತ ಹೇಳಿ.”

ಹುಡುಕಿದಾಗ ಲೈಬ್ರರಿ ಇತ್ತು. ಆದರೆ ಅದು ನಮ್ಮ ಮೇಜಿನ ಕಂಪ್ಯೂಟರಿಗೆ ಕಟ್ಟಿದ್ದು, ಪಂಪಿನ ಚಿಪ್ಪಿಗಲ್ಲ. ದೊಡ್ಡಕ್ಕ ಅದನ್ನು ಆ ಚಿಪ್ಪಿಗೆಂದೇ ಹೊಸದಾಗಿ ಕಟ್ಟಿ ಜೋಡಿಸಿದರು. ಬಿಲ್ಡ್ ಮುಗಿಯಿತು, ಮ್ಯಾನೇಜರ್ ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಪರೀಕ್ಷೆಯ ಮೇಜಿನಲ್ಲಿ ರೋಗಿಯ ಉದ್ದನೆಯ ಹೆಸರೊಂದನ್ನು ಒತ್ತಿದ ಕೂಡಲೇ ಪಂಪು ಕೂಗಿಕೊಂಡು ನಿಂತಿತು. ಹೆಸರಿನ ಹೆಚ್ಚಿನ ಅಕ್ಷರಗಳು ಪಕ್ಕದಲ್ಲಿದ್ದ ಔಷಧದ ಪ್ರಮಾಣದ ಮೇಲೆ ಬಿದ್ದಿದ್ದವು. ಕಾವಲಿಲ್ಲದಿದ್ದರೆ ಪಂಪು ತುಟಿಪಿಟಕ್ಕೆನ್ನದೆ ತಪ್ಪು ಪ್ರಮಾಣವನ್ನೇ ಹರಿಸುತ್ತಿತ್ತು.

ಮ್ಯಾನೇಜರ್ ತಾವೇ ಆಸ್ಪತ್ರೆಗಳಿಗೆ ಫೋನ್ ಮಾಡಿ ಗಡುವು ಮುಂದೂಡಿಸಿದರು. ಆ ಭಾಗವನ್ನು ಬರೆದಿದ್ದ ಸಹೋದ್ಯೋಗಿ ಮುಖ ಬಾಡಿಸಿಕೊಂಡು ಗೋಡೆಗೊರಗಿ ನಿಂತಿದ್ದರು. ದೊಡ್ಡಕ್ಕ, “ಇಲ್ಲೇ ಸಿಕ್ತಲ್ಲ, ಬಿಡಿ. ಟೀ ಕುಡಿದು ಇಬ್ರೂ ಸರಿ ಮಾಡೋಣ,” ಎಂದು ಕರೆದೊಯ್ದರು, ವರದಿಯಲ್ಲಿ ಅವರ ಹೆಸರೆತ್ತಲಿಲ್ಲ.

ಈ ಹಟ ಎಲ್ಲರಿಗೂ ಹಿತವಾಗಿತ್ತೆಂದರೆ ದೊಡ್ಡಕ್ಕನವರೇ ನಕ್ಕಾರು. ಸಣ್ಣ ಎಚ್ಚರಿಕೆಗೂ ಬಿಲ್ಡ್ ತಡೆಹಿಡಿದು ನಮ್ಮ ತಲೆ ತಿಂದವರು ಅವರು. ಅದರಿಂದಾಗಿ ಅವರಿಗೆ ಬಡ್ತಿ ಕೈತಪ್ಪಿದ್ದೂ ಉಂಟು. ಆದರೂ ನಿಲುವು ಸಡಿಲಿಸಲಿಲ್ಲ.

“ವಾರಕ್ಕೆ ಎರಡು ದಿನನಾದ್ರೂ ಕರೆಸ್ಕೊಳ್ಳಿ, ಇಲ್ಲಾಂದ್ರೆ ನನ್ನ ಅಡುಗೇನೇ ಪರೀಕ್ಷೆ ಮಾಡ್ತಾಳೆ,” ಎಂದು ಅವರ ಯಜಮಾನರು ನಮ್ಮಲ್ಲಿ ಅಹವಾಲು ಸಲ್ಲಿಸಿದ್ದಾರೆ. ಹೊಸಬರಿಗೆ ಕಲಿಸಲು ದೊಡ್ಡಕ್ಕನವರೂ ಒಪ್ಪಿದ್ದಾರೆ. ಅವರು ಆರೋಗ್ಯದಿಂದ ನೂರ್ಕಾಲ ಬಾಳಲಿ. ಹೊಸಬರ ಬಿಲ್ಡುಗಳು ಅವರ ಕಣ್ಣೆದುರೇ ಧಾರಾಳವಾಗಿ ಮುರಿಯುತ್ತಿರಲಿ.